ಅಜೇಲಿಯಾ ಬುಡಕ್ಕೆ ಬೂದಿ ಹಾಕಬೇಡಿ

ಕಳೆದ ಸಂಚಿಕೆಯಲ್ಲಿ ನಮ್ಮ ಜಗಲಿಯ ಅಜೇಲಿಯಾ ಹೂ ಬಿಟ್ಟ ಸುದ್ದಿಯನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಕರಾವಳಿಯಿಂದಲೂ ಬಂದಿವೆ, ಘಟ್ಟದ ಮೇಲಿನಿಂದಲೂ ಬಂದಿವೆ. ದಾಸವಾಳ, ಕರಿಬೇವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ. ಈ ಸಲ ಪೂರ್ತಿ ಪುಟ ತಂಪು ಬೆಟ್ಟದ ಗೊಂಚಲು ಹೂವಿನ ರೋಡೋಡೆಂಡ್ರಾನ್ ಗಿಡಕ್ಕೇ ಕೊಡುತ್ತೇನೆ. ಅಜೇಲಿಯಾ ಕೂಡ ಅದೇ ಕುಲದ್ದು, ಅಣ್ಣ ತಮ್ಮಂದಿರ ಹಾಗೆ. ದೊಡ್ಡ ಮರವಾಗುವ ಜಾತಿಯಿಂದ ಹಿಡಿದು ಕುಂಡದಲ್ಲಿ ಮೊಳಕಾಲೆತ್ತರ ನಿಲ್ಲುವ ಜಾತಿಯವರೆಗೆ ಈ ಕುಲದಲ್ಲಿ ಸುಮಾರು 1000 ಬಗೆ ಇವೆ.

ಪ್ರಶ್ನೆ: ಅಕ್ಕಾ, ಹೋದ ಏಪ್ರಿಲ್‌ನಲ್ಲಿ ನಾವು ಉತ್ತರಾಖಂಡಕ್ಕೆ ಹೋಗಿದ್ದೆವು. ತುಂಗನಾಥದ ದಾರಿಯಲ್ಲಿ ಚೋಪ್ತಾ ಹತ್ತಿರ ಗುಡ್ಡವೆಲ್ಲ ಕೆಂಪು. ಬುರಾಂಶ್ ಅಂದರು, ಅದೇ ಕೆಂಪು ರೋಡೋಡೆಂಡ್ರಾನ್ ಅಂತೆ. ಬರುವಾಗ ಒಂದು ನರ್ಸರಿಯಿಂದ ಎರಡು ಸಸಿ ತಂದು ಕೋಡಿಬಾಗದ ನಮ್ಮ ಮನೆ ಅಂಗಳದಲ್ಲಿ ನೆಟ್ಟೆ. ಒಂದು ಒಣಗಿಹೋಯಿತು. ಇನ್ನೊಂದರ ಎಲೆ ತುದಿಯಿಂದ ಕಂದಾಗುತ್ತಿದೆ. ಏನು ಮಾಡಿದರೆ ಉಳಿಯುತ್ತದೆ?
— ಒಬ್ಬ ಓದುಗರು, ಕಾರವಾರ

ಉತ್ತರ: ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು. ಆದರೂ ನಿಜ ಹೇಳುವುದೇ ಸರಿ. ಆ ಗಿಡ ಕಾರವಾರದಲ್ಲಿ ಉಳಿಯುವುದಿಲ್ಲ. ನಿಮ್ಮ ಆರೈಕೆಯಲ್ಲಿ ಏನೂ ತಪ್ಪಾಗಿಲ್ಲ.

ನೀವು ಅದನ್ನು ನೋಡಿದ ಜಾಗ ನೆನಪು ಮಾಡಿಕೊಳ್ಳಿ. ಚೋಪ್ತಾ ಎರಡೂವರೆ ಸಾವಿರ ಮೀಟರ್‌ಗೂ ಎತ್ತರದ ಊರು. ಏಪ್ರಿಲ್‌ನಲ್ಲೂ ಸ್ವೆಟರ್ ಹಾಕಿಕೊಂಡಿದ್ದಿರಿ, ಅಲ್ವಾ? ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಕೋಡಿಬಾಗ ಸಮುದ್ರದ ಮಟ್ಟದಲ್ಲಿದೆ. ನಮ್ಮ ಬೇಸಿಗೆಯ ಹಗಲಿನ ಬಿಸಿಲಿಗೆ ನೆರಳು ಕಟ್ಟಬಹುದು. ರಾತ್ರಿಯ ಸೆಕೆಗೆ ಏನು ಮಾಡುತ್ತೀರಿ? ಗಿಡ ಹಗಲು ಮಾಡಿಕೊಂಡ ಆಹಾರವನ್ನು ರಾತ್ರಿ ಉಸಿರಾಡುತ್ತ ಖರ್ಚು ಮಾಡುತ್ತದೆ. ರಾತ್ರಿ ಬಿಸಿ ಇದ್ದಷ್ಟೂ ಖರ್ಚು ಜಾಸ್ತಿ. ತಂಪು ಬೆಟ್ಟದ ಗಿಡಕ್ಕೆ ಆ ಖರ್ಚು ತೂಗಿಸಲು ಆಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸೊರಗುತ್ತದೆ. ಜೊತೆಗೆ ಅದರ ಬೇರು ತಣ್ಣಗಿನ ಮಣ್ಣನ್ನೇ ಬಯಸುತ್ತದೆ. ನಿಮ್ಮ ಅಂಗಳದ ಮರಳು ಮಣ್ಣಿಗೆ ಮಧ್ಯಾಹ್ನ ಕೈ ಇಟ್ಟು ನೋಡಿ, ನಿಮಗೇ ತಿಳಿಯುತ್ತದೆ.

ಉಳಿದ ಸಸಿಯನ್ನು ಕುಂಡಕ್ಕೆ ತೆಗೆದು, ಬೆಳಗಿನ ಒಂದು ಗಂಟೆ ಮಾತ್ರ ಬಿಸಿಲು ಬೀಳುವ ಕಡೆ ಇಡಿ. ಸಮುದ್ರದ ಗಾಳಿ ನೇರ ಹೊಡೆಯಬಾರದು, ಉಪ್ಪು ಎಲೆಯನ್ನು ಸುಡುತ್ತದೆ. ನಿಮ್ಮ ನೆಂಟರು ಯಾರಾದರೂ ಊಟಿ, ಕೂನೂರು, ಕೊಡೈಕನಾಲ್ ಕಡೆ ಇದ್ದರೆ ಅವರಿಗೆ ಕೊಟ್ಟುಬಿಡಿ. ಅಲ್ಲಿ ಬದುಕುವ ಆಸೆ ಇದೆ. ಇಲ್ಲಿ ಇನ್ನೊಂದು ಬೇಸಿಗೆ ದಾಟುವುದು ಕಷ್ಟ.

ನೀವು ನರ್ಸರಿಯಿಂದ ತಂದಿರಿ, ಒಳ್ಳೆಯದಾಯಿತು. ಕೆಲವರು ಕಾಡಿನಿಂದ ಕಿತ್ತು ತರುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಉತ್ತರಾಖಂಡಕ್ಕೆ ಅದು ರಾಜ್ಯದ ಮರ. ಪಕ್ಕದ ನೇಪಾಳಕ್ಕೆ ಲಾಲಿ ಗುರಾಂಸ್ ಅಂತ ರಾಷ್ಟ್ರದ ಹೂವು. ಆ ಜನ ಅದರ ಎಸಳಿನಿಂದ ಶರಬತ್ತು ಮಾಡಿ ಕುಡಿಯುತ್ತಾರೆ.

ಅದನ್ನು ಮತ್ತೆ ನೋಡಬೇಕು ಅನ್ನಿಸಿದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಅದೇ ಜಾತಿಯ ಒಂದು ಬಗೆ ನಮ್ಮ ದಕ್ಷಿಣದ ನೀಲಗಿರಿಯಲ್ಲೇ ಇದೆ. ನಾನು ಮತ್ತು ಮನೆಯವರು ಒಂದು ಜನವರಿಯಲ್ಲಿ ದೊಡ್ಡಬೆಟ್ಟಕ್ಕೆ ಹೋಗಿದ್ದೆವು. 2637 ಮೀಟರ್ ಎತ್ತರ. ರಸ್ತೆ ಬದಿಯಲ್ಲೇ ಒಂದು ಗೂನು ಬೆನ್ನಿನ ಮರ. ತೊಗಟೆ ದಪ್ಪ, ಬಿರುಕು ಬಿರುಕು. ಬೆಟ್ಟದ ಹುಲ್ಲಿಗೆ ಬೆಂಕಿ ಬಿದ್ದರೂ ಆ ತೊಗಟೆ ಮರವನ್ನು ಕಾಯುತ್ತದಂತೆ. ಕೊಂಬೆ ತುದಿಯಲ್ಲಿ ಮುಷ್ಟಿಯಷ್ಟು ಕೆಂಪು ಗೊಂಚಲು. ಕೆಳಗೆ ಬಿದ್ದ ಒಂದು ಎಲೆ ತಿರುಗಿಸಿ ನೋಡಿದೆ. ಮೇಲೆ ಕಡು ಹಸಿರು, ಅಡಿಯಲ್ಲಿ ಬೆಳ್ಳಿ ಬಣ್ಣದ ಮೆತ್ತನೆ ಪದರ. ಬೆರಳಾಡಿಸಿದರೆ ಹಳೇ ಮಖಮಲ್ ಮುಟ್ಟಿದ ಹಾಗಿತ್ತು. ಆ ಎಲೆ ಇನ್ನೂ ನನ್ನ ಅಡುಗೆ ಪುಸ್ತಕದ ನಡುವೆ ಇದೆ.

ಪ್ರಶ್ನೆ: ನಾವು ಶಿರಸಿ ಪೇಟೆಯವರು. ಪ್ರದರ್ಶನದಲ್ಲಿ ಮೈತುಂಬ ಹೂ ಇದ್ದ ಒಂದು ಅಜೇಲಿಯಾ ಕೊಂಡೆ. ಎರಡು ತಿಂಗಳು ಚೆನ್ನಾಗಿತ್ತು. ಮಳೆಗಾಲದಲ್ಲಿ ಒಂದೇ ವಾರದಲ್ಲಿ ಬಾಡಿ ಸತ್ತಿತು. ನೀರಿಗಂತೂ ಬರ ಇರಲಿಲ್ಲ, ಕೊಟ್ಟಿಗೆ ಗೊಬ್ಬರ ಬೇರೆ ಹಾಕಿದ್ದೆ. ನಿಮ್ಮಲ್ಲಿ ಹೇಗೆ ಬದುಕಿತು ಹೇಳಿ.
— ಒಬ್ಬ ತಂಗಿ, ಶಿರಸಿ

ಉತ್ತರ: ತಂಗಿ, ನನ್ನ ಮೊದಲ ಗಿಡವೂ ಹೀಗೇ ಸತ್ತಿತು. 2016ರಲ್ಲಿ ಊಟಿಯಿಂದ ತಂದಿದ್ದೆ, ಗುಲಾಬಿ ಬಣ್ಣದ್ದು. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅಂಗಳದ ತುಳಸಿಕಟ್ಟೆ ಪಕ್ಕ ನೆಟ್ಟೆ. ನಮ್ಮ ಅತ್ತೆಗೆ ಹೂವಿನ ಗಿಡ ಅಂದರೆ ಜೀವ. ಅವರು ದಿನಾ ಬೆಳಗ್ಗೆ ಬಚ್ಚಲೊಲೆಯ ಬೂದಿಯನ್ನು ತಣಿಸಿ ಒಂದೊಂದು ಹಿಡಿ ಎಲ್ಲ ಗಿಡಕ್ಕೂ ಹಾಕುತ್ತಿದ್ದರು. ಬಸಳೆಗೆ, ಹಾಗಲಕ್ಕೆ, ಬಾಳೆಗೆ ಬೂದಿ ಬಹಳ ಒಳ್ಳೆಯದು. ನಮ್ಮ ಹುಳಿ ಮಣ್ಣಿಗೆ ಅದು ಔಷಧಿಯೇ. ಹೊಸ ಗಿಡಕ್ಕೂ ಪ್ರೀತಿಯಿಂದ ಹಾಕಿದರು. ಮೇ ತಿಂಗಳಿಗೆ ಎಲೆ ಹಳದಿಯಾಯಿತು. ಆಶ್ಲೇಷ ಮಳೆ ಹಿಡಿದಾಗ ಗಿಡ ಬಾಗಿತು. ಎರಡು ದಿನ ಬಿಟ್ಟು ಕಿತ್ತೆ. ಅತ್ತೆ ಅಂದು ಊಟ ಮಾಡಿದ ಮೇಲೂ ಸುಮ್ನೆ ಅಂಗಳ ನೋಡುತ್ತ ಕೂತಿದ್ದರು. ಬೂದಿ ಮಣ್ಣಿನ ಹುಳಿ ಕಳೆಯುತ್ತದೆ, ಈ ಗಿಡಕ್ಕೆ ಹುಳಿ ಮಣ್ಣೇ ಬೇಕು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಿತ್ತ ಗಿಡದ ಬೇರನ್ನು ನಾನು ಬಾವಿಕಟ್ಟೆಯಲ್ಲಿ ತೊಳೆದು ನೋಡಿದೆ. ಅವತ್ತೇ ಈ ಗಿಡ ಏನು ಅಂತ ಅರ್ಥವಾಗಿದ್ದು. ದಾಸವಾಳದ್ದೋ ಗುಲಾಬಿಯದ್ದೋ ಆದರೆ ಬೆರಳು ದಪ್ಪದ ಬೇರು ಆಳಕ್ಕೆ ಹೋಗಿರುತ್ತದೆ. ಇದರಲ್ಲಿ ಅಂಥ ಬೇರೇ ಇಲ್ಲ. ಕೂದಲಿನಷ್ಟು ಸಣ್ಣ ಎಳೆಗಳು, ತೆಂಗಿನ ಜುಂಗಿನ ಉಂಡೆ ಹಾಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಎಲ್ಲ ಗೇಣು ಆಳದೊಳಗೇ. ಆರೋಗ್ಯವಿದ್ದ ಎಳೆ ತಿಳಿ ಕಂದು. ಸತ್ತವು ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಕೈಗೆ ಬಂತು, ಒಳಗೆ ದಾರದಂಥ ನಾರು ಮಾತ್ರ ಉಳಿಯಿತು. ಕೊಳೆತ ವಾಸನೆ.

ಅದು ಬೇರು ಕೊಳೆ ರೋಗ. ತರುವುದು ಫೈಟಾಫ್ತೊರಾ ಅನ್ನುವ ರೋಗಾಣು. ಹೆಸರು ಹೊಸದು ಅನ್ನಿಸಬಹುದು, ಆದರೆ ನಮ್ಮ ತೋಟದವರಿಗೆ ಅದರ ಬಳಗ ಚೆನ್ನಾಗಿ ಗೊತ್ತು. ಅಡಿಕೆಗೆ ಕೊಳೆ ತರುವುದೂ ಇದೇ ಫೈಟಾಫ್ತೊರಾ ಕುಲದ ರೋಗಾಣು. ಜಾತಿ ಬೇರೆ, ಗುಣ ಒಂದೇ. ನೀರು ನಿಂತ ಕಡೆ ಅದು ನೀರಿನಲ್ಲೇ ಈಜಿ ಬೇರಿಗೆ ಹೋಗುತ್ತದೆ. ಬೇರು ಸತ್ತ ಮೇಲೆ ಗಿಡಕ್ಕೆ ನೀರು ಎತ್ತಲು ಆಗದು. ಸುತ್ತ ನೀರು ತುಂಬಿದ್ದರೂ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ. ನಿಮ್ಮಲ್ಲೂ ಹೀಗೇ ಆಗಿರಬೇಕು.

ಎರಡನೇ ಗಿಡ 2019ರಲ್ಲಿ ತಂದೆ. ಈ ಸಲ ನೆಲಕ್ಕೆ ನೆಡಲಿಲ್ಲ. ಹತ್ತಿಂಚಿನ ಮಣ್ಣಿನ ಕುಂಡ ತೆಗೆದುಕೊಂಡೆ, ಅಡಿಯಲ್ಲಿ ಒಂದರ ಬದಲು ಮೂರು ತೂತು ಮಾಡಿಸಿದೆ. ಸೊಪ್ಪಿನ ಬೆಟ್ಟದಲ್ಲಿ ದರಕಿನ (ಉದುರಿದ ಒಣ ಎಲೆಯ) ಅಡಿ ಕಪ್ಪಗೆ ಪುಡಿಪುಡಿಯಾದ ಸೊಪ್ಪುಮಣ್ಣು ಇರುತ್ತದಲ್ಲ, ಅದು ಎರಡು ಪಾಲು. ತೆಂಗಿನ ನಾರಿನ ಪುಡಿ ಒಂದು ಪಾಲು. ಅದನ್ನು ಮೂರು ನೀರಿನಲ್ಲಿ ತೊಳೆದು ಹಾಕಿ, ಕೆಲವು ಪುಡಿಯಲ್ಲಿ ಉಪ್ಪಿರುತ್ತದೆ. ಕಡಲೆ ಗಾತ್ರದ ಚಿರೆಕಲ್ಲಿನ ಚೂರು ಒಂದು ಪಾಲು. ಅಷ್ಟೇ. ಹಸಿ ಸಗಣಿ ಬೇಡ, ಬೂದಿ ಬೇಡ, ಸುಣ್ಣ ಬೇಡ, ಮೊಟ್ಟೆ ಸಿಪ್ಪೆ ಬೇಡ, ಸುಟ್ಟ ಭತ್ತದ ಉಮಿಯೂ ಬೇಡ.

ನೆಡುವಾಗ ಒಂದು ಮಾತು ನೆನಪಿಡಿ. ಬೇರಿನ ಉಂಡೆಯ ನೆತ್ತಿ ಕುಂಡದ ಮಣ್ಣಿಗಿಂತ ಒಂದು ಬೆರಳು ಮೇಲೇ ಇರಬೇಕು. ನಮಗೆ ಬುಡಕ್ಕೆ ಮಣ್ಣು ಏರಿಸುವ ಅಭ್ಯಾಸ. ಇದಕ್ಕೆ ಏರಿಸಿದರೆ ಉಸಿರು ಕಟ್ಟುತ್ತದೆ. ಮೇಲೆ ಎರಡಿಂಚು ಒಣ ದರಕು ಹೊದೆಸಿ, ಕಾಂಡಕ್ಕೆ ತಾಗದ ಹಾಗೆ. ಕಳೆ ಬಂದರೆ ಕೈಯಲ್ಲೇ ಕೀಳಿ. ಗುದ್ದಲಿ, ಕತ್ತಿ ತುದಿ ಯಾವುದೂ ಬುಡದ ಹತ್ತಿರ ಹೋಗಬಾರದು. ಬೇರೆಲ್ಲ ಅಲ್ಲೇ ಮೇಲೆ ಇದೆ.

ಮಿರ್ಗದ (ಮೃಗಶಿರಾ) ಮಳೆ ಶುರುವಾಗುವ ಮೊದಲೇ ಕುಂಡವನ್ನು ಸೂರಿನಡಿ ತನ್ನಿ. ಮಾಡಿನ ನೀರು ಬೀಳುವ ಸಾಲಿನಲ್ಲಿ ಇಡಬೇಡಿ, ಅದಕ್ಕಿಂತ ಎರಡು ಮೊಳ ಒಳಗೆ. ಎರಡು ಕಲ್ಲಿನ ಮೇಲೆ ಕುಂಡ ಕೂರಿಸಿದರೆ ಅಡಿಯಿಂದ ಗಾಳಿ ಆಡುತ್ತದೆ. ನಾಲ್ಕು ತಿಂಗಳು ಅಲ್ಲೇ ಇರಲಿ. ವಾರಕ್ಕೊಮ್ಮೆ ಬೆರಳು ಊರಿ ನೋಡಿ, ಒಂದು ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು.

ಬೇಸಿಗೆಯಲ್ಲಿ ತೊಂದರೆ ಉಲ್ಟಾ. ನಾರಿನ ಉಂಡೆ ಒಮ್ಮೆ ಪೂರ್ತಿ ಒಣಗಿದರೆ ಮೇಲಿಂದ ಸುರಿದ ನೀರು ಒಳಗೆ ಇಳಿಯುವುದೇ ಇಲ್ಲ, ಬದಿಯಿಂದ ಜಾರಿ ತೂತಿನಿಂದ ಹೋಗುತ್ತದೆ. ನೋಡಿದವರಿಗೆ ನೀರು ಹಾಕಿದ ಹಾಗೇ ಕಾಣುತ್ತದೆ. ಕುಂಡ ಎತ್ತಿ ನೋಡಿ. ಹಗುರ ಅನ್ನಿಸಿದರೆ ಬಕೆಟ್ ನೀರಿನಲ್ಲಿ ಕುಂಡದ ಕಂಠದವರೆಗೆ ಮುಳುಗಿಸಿ. ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ತೆಗೆದು, ನೀರು ಸೋರಲು ಬಿಡಿ. ನಾನು ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ ಹೀಗೆ ಮಾಡುತ್ತೇನೆ.

ಹೂವಿನ ವಿಷಯ. ಅಜೇಲಿಯಾ ಮೊಗ್ಗು ಕಟ್ಟಿದ ಮೇಲೆ ಆರೆಂಟು ವಾರ ತಂಪು ಬೇಕು. ಆಗಲೇ ಮೊಗ್ಗು ಬಿಚ್ಚುತ್ತದೆ. ನೀವು ಪ್ರದರ್ಶನದಲ್ಲಿ ಕೊಂಡ ಗಿಡ ಆ ತಂಪನ್ನು ಬೆಟ್ಟದ ಮೇಲೆ ಪಡೆದುಕೊಂಡೇ ಬಂದಿರುತ್ತದೆ, ಅದಕ್ಕೇ ಮೈತುಂಬ ಹೂ. ಶಿರಸಿ 600 ಮೀಟರ್ ಆಸುಪಾಸಿನ ಎತ್ತರದ್ದು. ನಮ್ಮ ಡಿಸೆಂಬರ್, ಜನವರಿಯ ಥಂಡಿ ಅದಕ್ಕೆ ಅರೆಹೊಟ್ಟೆ ಊಟ. ಕಡಿಮೆ ಹೂ ಬರುತ್ತದೆ. ನಮ್ಮ ಮನೆ ಅಡಿಕೆ ತೋಟದ ಅಂಚಿನಲ್ಲಿ, ತಗ್ಗಿನಲ್ಲಿ ಇದೆ. ರಾತ್ರಿ ಥಂಡಿ ಇಳಿದು ಅಲ್ಲೇ ನಿಲ್ಲುತ್ತದೆ. ನವೆಂಬರ್ ಕೊನೆಯಿಂದ ಕುಂಡವನ್ನು ರಾತ್ರಿ ಬಯಲಿಗೆ ಇಡುತ್ತೇನೆ, ಇಬ್ಬನಿ ಬೀಳಲಿ ಅಂತ. ಈ ವರ್ಷ 23 ಹೂ ಎಣಿಸಿದೆ. ಊಟಿಯಲ್ಲಿ ಅಷ್ಟು ಹೂ ಒಂದೇ ರೆಂಬೆಯಲ್ಲಿ ಇದ್ದೀತು. ನನಗೆ ಇದೇ ಬಹಳ. ಪೇಟೆಯ ಟಾರಸಿ ಮನೆಯಲ್ಲಿ ಸಿಮೆಂಟ್ ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ನಿಮ್ಮ ಹಿತ್ತಲಲ್ಲಿ ಬಾವಿಯ ಪಕ್ಕವೋ, ದೊಡ್ಡ ಮರದ ಕೆಳಗೋ ತಂಪಿನ ಜಾಗ ಇದ್ದರೆ ಮಾತ್ರ ಇನ್ನೊಂದು ಗಿಡ ತನ್ನಿ.

ಪ್ರಶ್ನೆ: ನನ್ನ ಅಜೇಲಿಯಾದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಅಂಗಡಿಯವರು ಮೆಗ್ನೀಷಿಯಂ ಕೊಟ್ಟರು. ಕಡಿಮೆಯಾಗಲಿಲ್ಲ. ಹೂ ಮುಗಿದ ಮೇಲೆ ಕತ್ತರಿಸಬೇಕೋ ಬೇಡವೋ ಅದನ್ನೂ ತಿಳಿಸಿ.
— ಸಿದ್ದಾಪುರದಿಂದ

ಉತ್ತರ: ಹಳದಿ ಎಲ್ಲಿ ಶುರುವಾಯಿತು ಅನ್ನುವುದೇ ಮುಖ್ಯ. ಹಳೇ ಎಲೆಯಿಂದ ಶುರುವಾದರೆ ಮೆಗ್ನೀಷಿಯಂ ಕೊರತೆ ಇರಬಹುದು. ನಿಮ್ಮದು ಹೊಸ ಚಿಗುರಿನಲ್ಲಿ ಬಂದಿದೆ, ನರ ಹಸಿರಾಗಿದೆ. ಅದು ಕಬ್ಬಿಣ ಸಿಗದ ಲಕ್ಷಣ.

ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ನಮ್ಮ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಈ ಗಿಡದ ಬೇರು ಅದನ್ನು ಎತ್ತಿಕೊಳ್ಳಬೇಕಾದರೆ ಮಣ್ಣು ಹುಳಿ ಇರಬೇಕು. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ; ಅದು ನಾಲ್ಕೂವರೆಯಿಂದ ಆರರೊಳಗೆ ಇದ್ದರೆ ಸರಿ. ಅದಕ್ಕಿಂತ ಮೇಲೆ ಹೋದರೆ ಕಬ್ಬಿಣ ಮಣ್ಣಿನಲ್ಲೇ ಬಿಗಿದುಕೊಂಡು ಕೂರುತ್ತದೆ. ಹಾಗಾಗಿ ಮೊದಲು ಸುಣ್ಣ ಎಲ್ಲಿಂದ ಬರುತ್ತಿದೆ ಹುಡುಕಿ. ಬೋರ್‌ವೆಲ್ ನೀರು ಹಾಕುತ್ತೀರಾ? ಕುಂಡ ಸಿಮೆಂಟಿನದ್ದಾ? ಸುಣ್ಣ ಬಳಿದ ಗೋಡೆಗೆ ತಾಗಿ ಇಟ್ಟಿದ್ದೀರಾ? ಸಿದ್ದಾಪುರದವರು ಅಂದಮೇಲೆ ಇನ್ನೊಂದು ಕೇಳುತ್ತೇನೆ. ತೋಟಕ್ಕೆ ಕೊಳೆ ರೋಗದ ಔಷಧಿ ಬೋರ್ಡೋ ಹೊಡೆಯುವಾಗ ಡ್ರಮ್ಮಿನಲ್ಲಿ ಉಳಿದದ್ದನ್ನು ಅಂಗಳದ ಗಿಡಕ್ಕೆ ಚೆಲ್ಲಿದ್ದುಂಟಾ? ಅದರಲ್ಲಿ ಮೈಲುತುತ್ತದಷ್ಟೇ ಸುಣ್ಣವೂ ಇರುತ್ತದೆ.

ಸದ್ಯಕ್ಕೆ ಅನ್ನಭೇದಿ ತನ್ನಿ. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಅಂದರೆ ಕೊಡುತ್ತಾರೆ. ಒಂದು ಲೀಟರ್ ನೀರಿಗೆ ಎರಡು ಗ್ರಾಂ ಕರಗಿಸಿ, ಬುಡಕ್ಕೆ ತಿಂಗಳಿಗೊಮ್ಮೆ ಹಾಕಿ. ತಕ್ಷಣ ಹಾಕಬೇಕು, ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬರುವುದಿಲ್ಲ. ಜಗಲಿ ನೆಲಕ್ಕೆ ಚೆಲ್ಲಬೇಡಿ, ಕಲೆ ಹೋಗದು. ಹಳದಿಯಾದ ಹಳೇ ಎಲೆ ಪೂರ್ತಿ ಹಸಿರಾಗುತ್ತದೆ ಅಂತ ಕಾಯಬೇಡಿ, ಮುಂದಿನ ಚಿಗುರು ನೋಡಿ. ಬೇಸಿಗೆಗೆ ಬೇಕಾಗುವ ಮಳೆನೀರನ್ನು ಎರಡು ಡ್ರಮ್ ಹಿಡಿದಿಟ್ಟು ಮುಚ್ಚಿ. ಈ ಗಿಡಕ್ಕೆ ಅದಕ್ಕಿಂತ ಒಳ್ಳೇ ನೀರು ಇಲ್ಲ. ಗೊಬ್ಬರ ಬೇಕು ಅನ್ನಿಸಿದರೆ ಹೂ ಮುಗಿದ ಮೇಲೆ, ಅಮೋನಿಯಂ ಸಲ್ಫೇಟ್ ಅರ್ಧ ಚಹಾ ಚಮಚ ಒಂದು ಲೀಟರ್ ನೀರಿಗೆ, ತಿಂಗಳಿಗೊಮ್ಮೆ, ಮಳೆ ಬರುವ ತನಕ ಸಾಕು.

ಕತ್ತರಿಸುವುದಿದ್ದರೆ ಹೂ ಬಾಡಿದ ಕೂಡಲೇ ಕತ್ತರಿಸಿ. ಮಳೆಗಾಲ ಮುಗಿದ ಮೇಲೆ ಕತ್ತರಿ ಮುಟ್ಟಲೇಬೇಡಿ. ಮುಂದಿನ ವರ್ಷದ ಮೊಗ್ಗು ಆಗಲೇ ರೆಂಬೆ ತುದಿಯಲ್ಲಿ ಕೂತಿರುತ್ತದೆ.

ಪ್ರಶ್ನೆ: ನಮ್ಮ ಕಡೆ ಗಾಳಿಮರದ ಒಣ ಎಲೆ ರಾಶಿ ಬೀಳುತ್ತದೆ. ಅದನ್ನು ಹೊದೆಸಿದರೆ ಮಣ್ಣು ಹುಳಿಯಾಗುತ್ತದೆ ಅನ್ನುತ್ತಾರೆ. ಹೌದಾ?
— ಕುಮಟಾದಿಂದ

ಉತ್ತರ: ಹುಳಿಯಾಗುತ್ತದೆ ಅಂತ ನಂಬಿ ಕೂರಬೇಡಿ, ಹೊದಿಕೆಯಿಂದ ಮಣ್ಣಿನ ಹುಳಿ ಅಷ್ಟಾಗಿ ಏರುವುದಿಲ್ಲ. ಆದರೆ ಹೊದಿಕೆಯಾಗಿ ಬಹಳ ಚೆನ್ನ. ಮುದ್ದೆ ಕಟ್ಟುವುದಿಲ್ಲ, ಮಳೆನೀರು ಇಳಿಯುತ್ತದೆ, ಗಾಳಿ ಆಡುತ್ತದೆ, ಬೇರು ತಣ್ಣಗಿರುತ್ತದೆ. ಕಡಲ ಅಂಚಿನಲ್ಲಿ ಬಿದ್ದದ್ದಾದರೆ ಒಂದು ಮಳೆಯಲ್ಲಿ ತೊಯ್ದು ಉಪ್ಪು ಹೋದ ಮೇಲೆ ತನ್ನಿ.

ಪ್ರಶ್ನೆ: ನಾನು ಜೇನು ಸಾಕುತ್ತೇನೆ, ಹತ್ತು ತುಡುವೆ ಪೆಟ್ಟಿಗೆ ಇವೆ. ಆಡು, ದನವೂ ಇವೆ. ರೋಡೋಡೆಂಡ್ರಾನ್ ಜೇನು ವಿಷ ಅಂತ ಮೊಬೈಲಿನಲ್ಲಿ ನೋಡಿದೆ. ಹೆಂಡತಿಗೆ ಅಜೇಲಿಯಾ ಬೇಕಂತೆ. ತರಬಹುದಾ?
— ಯಲ್ಲಾಪುರದ ಒಬ್ಬ ಓದುಗರು

ಉತ್ತರ: ಜೇನಿನ ಬಗ್ಗೆ ಹೆದರಬೇಡಿ. ಆಡಿನ ಬಗ್ಗೆ ಹೆದರಿ.

ಈ ಕುಲದ ಹಲವು ಜಾತಿಗಳ ಎಲೆಯಲ್ಲಿ, ಹೂವಿನ ಮಕರಂದದಲ್ಲಿ ಗ್ರಯಾನೊಟಾಕ್ಸಿನ್ ಅನ್ನುವ ವಿಷ ಇದೆ. ಟರ್ಕಿಯ ಕಪ್ಪು ಸಮುದ್ರದ ದಂಡೆಯಲ್ಲಿ ಗುಡ್ಡಕ್ಕೆ ಗುಡ್ಡವೇ ರೋಡೋಡೆಂಡ್ರಾನ್. ಜೇನಿಗೆ ಆ ಕಾಲದಲ್ಲಿ ಬೇರೆ ಹೂವೇ ಹೆಚ್ಚು ಸಿಗದು. ಅಲ್ಲಿನ ಜೇನುತುಪ್ಪಕ್ಕೆ ಹುಚ್ಚು ಜೇನು ಅಂತಲೇ ಹೆಸರು. ಕ್ರಿಸ್ತಪೂರ್ವ 401ರಲ್ಲಿ ಗ್ರೀಕ್ ಸೈನಿಕರು ಆ ದಾರಿಯಲ್ಲಿ ಬರುವಾಗ ಅಂಥ ಜೇನು ತಿಂದು ವಾಂತಿ ಭೇದಿಯಾಗಿ ಏಳಲಾರದೆ ಬಿದ್ದಿದ್ದನ್ನು ಅವರ ಜೊತೆಗಿದ್ದ ಕ್ಸೆನೊಫೊನ್ ಬರೆದಿಟ್ಟಿದ್ದಾನೆ. ಮೂರು ನಾಲ್ಕು ದಿನದಲ್ಲಿ ಅವರು ಎದ್ದು ಕೂತರಂತೆ. ನಿಮ್ಮ ತುಡುವೆಗಳು ನಿಮ್ಮ ಸುತ್ತಿನ ಕಾಡು, ತೋಟ ಎಲ್ಲ ಸುತ್ತಿ ನೂರಾರು ಬಗೆ ಹೂವಿನಿಂದ ತರುತ್ತವೆ. ಒಂದೆರಡು ಕುಂಡದ ಅಜೇಲಿಯಾದಿಂದ ತುಪ್ಪ ಕೆಡುವುದಿಲ್ಲ.

ಆದರೆ ಆಡು ನಾಲ್ಕು ರೆಂಬೆ ತಿಂದರೂ ಅಪಾಯ. ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ, ಕಾಲು ನಡುಗಿ ಮಲಗಿಬಿಡುತ್ತದೆ. ಅದಕ್ಕೆ ನೇರ ಮದ್ದು ಇಲ್ಲ. ಹಾಗೇನಾದರೂ ಕಂಡರೆ ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ, ದನದ ಡಾಕ್ಟರನ್ನು ಕರೆಸಿ, ಯಾವ ಗಿಡ ತಿಂದಿತು ಅಂತ ಹೇಳಿ. ಕತ್ತರಿಸಿದ ಅಜೇಲಿಯಾ ಸೊಪ್ಪನ್ನು ಕೊಟ್ಟಿಗೆಗೆ ಹಾಸಬೇಡಿ, ಹುಲ್ಲಿನ ಜೊತೆ ಎಸೆಯಬೇಡಿ. ಹೆಂಡತಿಗೆ ಗಿಡ ತಂದುಕೊಡಿ. ಕುಂಡವನ್ನು ಆಡಿನ ಬಾಯಿಗೆ ಎಟುಕದ ಜಗಲಿ ಕಟ್ಟೆ ಮೇಲೆ ಇಡಿ. ಸಣ್ಣ ಮಕ್ಕಳಿದ್ದರೂ ಇದೇ ಮಾತು.

ಪ್ರಶ್ನೆ: ಆನ್‌ಲೈನಿನಲ್ಲಿ ನೀಲಿ ರೋಡೋಡೆಂಡ್ರಾನ್ ಬೀಜ, 100 ಬೀಜಕ್ಕೆ 99 ರೂಪಾಯಿ ಅಂತ ಇದೆ. ಜೋಯ್ಡಾದಲ್ಲಿ ಹಾಕಬಹುದಾ? ಇಲ್ಲವಾದರೆ ಗೆಲ್ಲು ನೆಟ್ಟರೆ ಬರುತ್ತದಾ?
— ಜೋಯ್ಡಾದಿಂದ

ಉತ್ತರ: ದುಡ್ಡು ಹಾಳು ಮಾಡಬೇಡಿ. ಈ ಗಿಡದ ಬೀಜ ದೂಳಿನಷ್ಟು ಸಣ್ಣ. ಮಣ್ಣಿನ ಮೇಲೆ ಮುಚ್ಚದೆ ಹಾಕಿ, ತಿಂಗಳುಗಟ್ಟಲೆ ಹಸಿಯಾಗಿ, ತಂಪಾಗಿ ನೋಡಿಕೊಳ್ಳಬೇಕು. ಹೂ ನೋಡಲು ವರ್ಷಗಳೇ ಹಿಡಿಯುತ್ತವೆ, ಮರದ ಜಾತಿಗೆ ಹತ್ತು ವರ್ಷವೂ ಆಗಬಹುದು. ಚಿತ್ರದಲ್ಲಿ ಕಾಣುವ ಆಕಾಶ ನೀಲಿಯಂತೂ ಬಣ್ಣ ತಿದ್ದಿದ್ದೇ ಹೆಚ್ಚು.

ಅಜೇಲಿಯಾ ಇರುವವರ ಪರಿಚಯ ಇದ್ದರೆ ನೆಲಕ್ಕೆ ಬಾಗುವ ರೆಂಬೆಯನ್ನೇ ಸೊಪ್ಪುಮಣ್ಣಿನಲ್ಲಿ ಹೂತು, ಮೇಲೆ ಕಲ್ಲು ಹೇರಿಸಿ. ಹೂಳುವ ಕಡೆ ಅಡಿಭಾಗದ ತೊಗಟೆ ಸ್ವಲ್ಪ ಕೆರೆದಿರಬೇಕು. ಒಂದು ವರ್ಷಕ್ಕೆ ಬೇರು ಬರುತ್ತದೆ. ನಮ್ಮ ಗಿಡದಿಂದ ಹೀಗೆ ಎರಡು ಮರಿ ಮಾಡಿದ್ದೇನೆ. ಒಂದು ತಂಗಿ ಮನೆಗೆ ಹೋಯಿತು. ಗೆಲ್ಲು ನೆಟ್ಟರೂ ಬರುತ್ತದೆ, ಆದರೆ ನನ್ನ ಕೈಯಲ್ಲಿ ಹತ್ತಕ್ಕೆ ಎರಡು ಉಳಿದವು.

ಪ್ರಶ್ನೆ: ನಾವು ಅಂಕೋಲಾದವರು, ಗದ್ದೆ ಬಯಲಿನ ಮನೆ. ರೋಡೋಡೆಂಡ್ರಾನ್ ನಮಗೆ ಆಗದು ಅಂತ ನೀವು ಹೇಳುತ್ತೀರಿ ಅಂತ ಗೊತ್ತಿದೆ. ಹಾಗಾದರೆ ಅಂಥದೇ ಗೊಂಚಲು ಹೂವಿನ, ವರ್ಷವಿಡೀ ಹಸಿರಿರುವ ಪೊದೆ ಯಾವುದು ಹಾಕಲಿ?
— ಒಬ್ಬ ತಾಯಿ, ಅಂಕೋಲಾ

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಕೇಪಳ ಹಾಕಿ.

ಪೇಟೆ ನರ್ಸರಿಯ ಹಳದಿ, ಬಿಳಿ ಕುಳ್ಳ ತಳಿ ಅಲ್ಲ. ನಿಮ್ಮ ಹಿಂದಿನ ಗುಡ್ಡದಲ್ಲಿ ತಾನಾಗಿ ಬೆಳೆಯುವ ಕೆಂಪು ಕೇಪಳ. ಒಂದು ಗೊಂಚಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ್ದೀರಾ? ಉದ್ದ ಸಣ್ಣ ಕೊಳವೆ, ತುದಿಯಲ್ಲಿ ನಾಲ್ಕೇ ಎಸಳು. ಒಂದೊಂದು ಮೊಗ್ಗೂ ಸೂಜಿಯಷ್ಟು ಚೂಪು. ಒಂದು ಹೂ ಕಿತ್ತು, ಹಿಂಬದಿಯಿಂದ ನಡುವಿನ ದಾರದಂಥ ಎಳೆಯನ್ನು ಮೆಲ್ಲಗೆ ಎಳೆದರೆ ತುದಿಯಲ್ಲಿ ಒಂದು ಹನಿ ಸಿಹಿ ಬರುತ್ತದೆ. ಶಾಲೆಯಿಂದ ಬರುವಾಗ ನಾವು ಅದನ್ನು ಹೀರುತ್ತಿದ್ದೆವು. ಹೂ ಹೋದ ಮೇಲೆ ಕೆಂಪು ಹಣ್ಣು, ಅದನ್ನೂ ತಿನ್ನುತ್ತಿದ್ದೆವು. ಹೂವಿನ ತಂಬುಳಿ ನಮ್ಮ ಆಯಿ ಮಾಡುತ್ತಿದ್ದರು. ತುಪ್ಪದಲ್ಲಿ ಹುರಿದು, ಜೀರಿಗೆ, ಕಾಯಿ ಹಾಕಿ ಬೀಸಿ, ಮಜ್ಜಿಗೆಗೆ ಬೆರೆಸುವುದು. ಹೊಟ್ಟೆ ಕೆಟ್ಟಾಗ ಅದೇ ಊಟ.

ಕೇಪಳಕ್ಕೂ ರೋಡೋಡೆಂಡ್ರಾನ್‌ಗೂ ನೆಂಟಸ್ತಿಕೆ ಇಲ್ಲ, ಅದು ಕಾಫಿಯ ಕುಟುಂಬದ್ದು. ಆದರೆ ಮಣ್ಣಿನ ವಿಷಯದಲ್ಲಿ ಇಬ್ಬರದೂ ಒಂದೇ ರುಚಿ. ಇದಕ್ಕೂ ಹುಳಿ ಮಣ್ಣೇ ಬೇಕು. ಹೊಸ ಮನೆ ಕಟ್ಟಿಸಿದವರು ಗೋಡೆಗೆ ತಾಗಿ ಕೇಪಳದ ಸಾಲು ಹಾಕುತ್ತಾರೆ. ಎರಡು ವರ್ಷಕ್ಕೆ ಎಲೆಯೆಲ್ಲ ಹಳದಿ. ಗಾರೆಯ ಸುಣ್ಣ ಮಳೆಯಲ್ಲಿ ಇಳಿದು ಬೇರಿಗೆ ಬರುತ್ತದೆ. ಗೋಡೆಯಿಂದ ನಾಲ್ಕು ಅಡಿ ಆಚೆ ನೆಡಿ, ಗುಂಡಿಗೆ ಕಟ್ಟಡದ ಚೂರು ಬೀಳದ ಹಾಗೆ ನೋಡಿಕೊಳ್ಳಿ. ಬಚ್ಚಲ ಬೂದಿಯನ್ನು ಬಸಳೆ ಚಪ್ಪರಕ್ಕೆ ಕೊಡಿ, ಇದಕ್ಕೆ ಬೇಡ.

ನಿಮ್ಮ ಗದ್ದೆ ಬಯಲಿನಲ್ಲಿ ಮಳೆಗಾಲ ನೀರು ನಿಲ್ಲುತ್ತದೆ ಅಲ್ವಾ? ಒಂದು ಮೊಳ ಎತ್ತರಕ್ಕೆ ಚಿರೆಕಲ್ಲು ಕಟ್ಟಿ, ಗುಡ್ಡದ ಕೆಂಪು ಮಣ್ಣು, ಕೊಳೆತ ಸೊಪ್ಪು ತುಂಬಿ, ಅದರ ಮೇಲೆ ನೆಡಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಸಾಕು, ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಪಕ್ಕದಲ್ಲಿ ಜಾಗ ಇದ್ದರೆ ನೆಕ್ಕರಿಕೆಯನ್ನೂ ಹಾಕಿ. ನೇರಳೆ ಬಣ್ಣದ ಅಗಲ ಎಸಳಿನ ಹೂ. ಹಣ್ಣು ತಿಂದರೆ ನಾಲಿಗೆ ಕಪ್ಪಾಗುತ್ತದೆ. ಇದು ತಾನಾಗಿ ಎದ್ದ ಕಡೆ ಮಣ್ಣು ಹುಳಿ ಇದೆ ಅಂತಲೇ ಲೆಕ್ಕ. ನಿಮ್ಮ ಹಿತ್ತಲಲ್ಲಿ ಎಲ್ಲಾದರೂ ನೆಕ್ಕರಿಕೆ ಇದ್ದರೆ ಕೇಪಳವನ್ನು ಅಲ್ಲೇ ನೆಡಿ.

ಸಸಿಗೆ ಹಣ ಕೊಡಬೇಕಾಗಿಲ್ಲ. ಪೆನ್ಸಿಲ್ ದಪ್ಪದ, ಹೂ ಇಲ್ಲದ ಗೆಲ್ಲನ್ನು ಗೇಣುದ್ದ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಮಿರ್ಗದ ಮಳೆಯಲ್ಲಿ ನೆರಳಿನ ಕಡೆ ಓರೆಯಾಗಿ ಊರಿ. ನಾಲ್ಕು ಊರಿದರೆ ಎರಡಾದರೂ ಹಿಡಿಯುತ್ತವೆ. ದೀಪಾವಳಿ ಹೊತ್ತಿಗೆ ಚಿಗುರು ಬಂದಿದೆಯೋ ಇಲ್ಲವೋ ಒಂದು ಕಾರ್ಡು ಬರೆದು ತಿಳಿಸಿ.